ಸಾವಿನ ಮನೆಗೆ ಕೌದಿ ಕೊಡಬಹುದೇ, ಕೊಡುವುದಾದರೆ ಯಾವಾಗ?

ತೀರ್ಥಹಳ್ಳಿ ಜಗಲಿ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಊರಿನಲ್ಲಿ ಏಳು ಮಂದಿ ಹೆಂಗಸರು ಮಳೆಗಾಲದ ಮಧ್ಯಾಹ್ನಗಳಲ್ಲಿ ಒಂದೇ ಜಗಲಿಯಲ್ಲಿ ಕುಳಿತು, ಬಟ್ಟೆಯ ತುಂಡುಗಳನ್ನು ಪದರಪದರವಾಗಿ ಕೂಡಿಸಿ ಹೊದೆಯುವ ಕೌದಿ ಹೊಲಿಯುತ್ತೇವೆ. ಮಾರುವುದಕ್ಕಲ್ಲ. ಊರಿನಲ್ಲಿ ಮಗು ಹುಟ್ಟಿದರೆ ಆ ಮನೆಗೊಂದು, ಯಾರಾದರೂ ತೀರಿಕೊಂಡರೆ ಆ ಮನೆಗೊಂದು ಎಂದು ನಾವೇ ನಿಯಮ ಮಾಡಿಕೊಂಡಿದ್ದೇವೆ. ಮಗುವಿನ ಕೌದಿಯನ್ನು ಬೇಡವೆಂದವರಿಲ್ಲ. ಸಾವಿನ ಮನೆಯ ಕೌದಿಯ ವಿಷಯದಲ್ಲಿ ಮಾತ್ರ ಕಳೆದ ವರ್ಷ ಎಡವಿದೆವು.

ನೆರೆಮನೆಯ ಯಜಮಾನರು ತೀರಿಕೊಂಡ ಒಂಬತ್ತನೆಯ ದಿನ, ರಾತ್ರಿ ನಿದ್ದೆಗೆಟ್ಟು ಮುಗಿಸಿದ ಕೌದಿಯನ್ನು ಹಿಡಿದುಕೊಂಡು ಹೋದೆವು. ಆ ಮನೆಯ ಹಿರಿಯರು ಅದನ್ನು ಕೈಯಿಂದ ಮುಟ್ಟದೆ ಜಗಲಿಯ ಮೂಲೆಯಲ್ಲಿಡುವಂತೆ ಹೇಳಿದರು. ಸತ್ತವರ ಹಾಸಿಗೆ ಹೊದಿಕೆಗಳನ್ನು ಹೊರಗೆ ಹಾಕುವ ಹೊತ್ತಿನಲ್ಲಿ ನೀವು ಇನ್ನೊಂದನ್ನು ಒಳಗೆ ತರುತ್ತಿದ್ದೀರಲ್ಲ ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಕೌದಿ ಅಲ್ಲಿಯೇ ಇರಚಲಿಗೆ ನೆನೆದು ಬೂಷ್ಟು ಹಿಡಿಯಿತು.

ಈಗ ಆರಿದ್ರಾ ಮಳೆ ಹಿಡಿದ ವಾರದಲ್ಲಿ, ಅಡಿಕೆಗೆ ಔಷಧಿ ಹೊಡೆಯಲು ಮರ ಹತ್ತಿದ್ದ ನಮ್ಮೂರಿನ ಕೊನೆಗಾರರೊಬ್ಬರು ಜಾರಿ ಬಿದ್ದು ತೀರಿಕೊಂಡರು. ಮನೆಯಲ್ಲಿ ಹೆಂಡತಿ ಮತ್ತು ಪಿಯುಸಿ ಓದುವ ಮಗಳು ಇಬ್ಬರೇ ಉಳಿದಿದ್ದಾರೆ. ನಮ್ಮ ಕೈಗಳು ಸುಮ್ಮನಿರಲು ಒಪ್ಪುತ್ತಿಲ್ಲ, ಆದರೆ ಹಿಂದಿನ ತಪ್ಪು ಮತ್ತೆ ಆಗಬಾರದು. ಕೊಡಬಹುದೇ, ಕೊಡುವುದಾದರೆ ಯಾವಾಗ? ಹಳೆಯ ಸೀರೆಯದ್ದು ಸಾಕೇ, ಹೊಸ ಬಟ್ಟೆಯದ್ದೇ ಬೇಕೇ? ಅವರ ಅಂಗಿಗಳನ್ನೂ ಸೇರಿಸಿ ಹೊಲಿದರೆ ಚೆನ್ನ ಎಂದು ನಮ್ಮಲ್ಲೊಬ್ಬರು ಹೇಳುತ್ತಿದ್ದಾರೆ. ಅನುಭವವಿರುವವರು ಬರೆಯಿರಿ.

ಸಾಗರದ ಓದುಗ

ಹದಿಮೂರನೆಯ ದಿನ ಕಳೆಯುವವರೆಗೆ ಆ ಮನೆಗೆ ಅನ್ನ, ಮಜ್ಜಿಗೆ, ಜನ ಇಷ್ಟನ್ನೇ ಕೊಡಬೇಕು. ಒಲೆ ಹೊತ್ತಿಸದ ಮನೆಗೆ ಮೊದಲು ಬೇಕಾಗುವುದು ಬೇಯಿಸಿದ ಅಡಿಗೆ. ಹೊದಿಕೆಯ ಮಾತು ಅನಂತರ ಬರಲಿ.

ಹೊಸನಗರದವಳು

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಪೌರೋಹಿತ್ಯ ನಡೆದುಬಂದಿರುವುದರಿಂದ ಆ ಹಿರಿಯರ ಮಾತು ನನಗೆ ತಕ್ಷಣ ಅರ್ಥವಾಯಿತು, ಮತ್ತು ಅವರು ನಿಮ್ಮ ಮನಸ್ಸು ನೋಯಿಸಲೆಂದು ಹಾಗೆ ಹೇಳಿರಲಾರರು. ಉತ್ತರಕ್ರಿಯೆಯಲ್ಲಿ ಶಯ್ಯಾದಾನವೆಂಬ ದಾನವಿದೆ. ತೀರಿಕೊಂಡವರ ಹೆಸರಿನಲ್ಲಿ ಹಾಸಿಗೆ, ದಿಂಬು, ಹೊದಿಕೆಗಳನ್ನು ಮನೆಯವರು ಹೊರಗಿನವರಿಗೆ ಕೊಡುತ್ತಾರೆ. ಆ ದಿನಗಳಲ್ಲಿ ಹೊದಿಕೆ ನಡೆಯುವ ದಿಕ್ಕು ಒಳಗಿನಿಂದ ಹೊರಕ್ಕೆ. ನೀವು ಹೊರಗಿನಿಂದ ಒಳಕ್ಕೆ ತಂದದ್ದರಿಂದ ಕೊಡುವುದು ಯಾವುದು, ಪಡೆಯುವುದು ಯಾವುದು ಎಂಬುದೇ ಕಲಸಿಹೋಯಿತು. ಸೂತಕದ ಮನೆಯವರು ಕೈಯಿಂದ ಕೈಗೆ ಏನನ್ನೂ ತೆಗೆದುಕೊಳ್ಳದಿರುವ ರೂಢಿಯೂ ಇದೆ, ಅದಕ್ಕಾಗಿಯೇ ಮೂಲೆಯಲ್ಲಿಡಲು ಹೇಳಿರಬೇಕು.

ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಬಸ್ಸು ಹತ್ತಿ ಹೋದ ಮೇಲೆ ಕೊಡಿ. ಮೊದಲ ಮಾಸಿಕ ಕಳೆದಿದ್ದರೆ ಇನ್ನೂ ಒಳ್ಳೆಯದು.

ಶಿಕಾರಿಪುರ

ಎಲ್ಲ ಮನೆಗಳಿಗೂ ಹದಿಮೂರರ ಲೆಕ್ಕ ಹೇಳಬೇಡಿ ಎಂದು ವಿನಂತಿ. ನಮ್ಮದು ಲಿಂಗಾಯತ ಮನೆತನ. ಶರಣರು ಮರಣಸೂತಕವೂ ಸೇರಿದಂತೆ ಪಂಚಸೂತಕಗಳನ್ನೇ ಒಪ್ಪಲಿಲ್ಲ. ನನ್ನ ತಾಯಿ ತೀರಿಕೊಂಡ ಮರುದಿನವೇ ಪಕ್ಕದ ಮನೆಯವರು ತಂದ ಕಂಬಳಿಯನ್ನು ನಾವು ಯಾವ ಅಳುಕೂ ಇಲ್ಲದೆ ತೆಗೆದುಕೊಂಡೆವು. ಆ ರಾತ್ರಿ ಮನೆ ತುಂಬ ಜನರಿದ್ದು ಹೊದಿಕೆಗಳು ಸಾಲದೆ ಬಂದಿದ್ದವು, ಬಂದ ಕಂಬಳಿ ಒಳ್ಳೆಯ ಉಪಕಾರವಾಯಿತು. ಆ ಮನೆಯವರು ಯಾವ ಪದ್ಧತಿಯವರು ಎಂದು ಕೇಳಿ ತಿಳಿದುಕೊಳ್ಳುವುದು ಬಿಟ್ಟು ಪಂಚಾಂಗ ತೆರೆದು ಕುಳಿತರೆ ಹೇಗೆ?

ಹೊಸನಗರದವಳು

ಒಪ್ಪುತ್ತೇನೆ. ನಾನು ನಮ್ಮ ಕಡೆಯ ರೂಢಿಯನ್ನಷ್ಟೇ ಬರೆದೆ. ಆದರೆ ಸೂತಕವಿಲ್ಲದ ಮನೆಯಲ್ಲಿಯೂ ಮೊದಲ ವಾರದಲ್ಲಿ ಬಂದ ವಸ್ತುಗಳು ಯಾರು ತಂದದ್ದೆಂದೇ ತಿಳಿಯದೆ ರಾಶಿಯಲ್ಲಿ ಸೇರಿಹೋಗುತ್ತವೆ. ನೀವು ಹೇಳಿದ ಕಂಬಳಿ ಉಪಯೋಗಕ್ಕೆ ಬಂತು ನಿಜ, ಈಗ ಅದು ಎಲ್ಲಿದೆ ಎಂದು ನಿಮಗೆ ಗೊತ್ತೇ?

ಶಿಕಾರಿಪುರ

ಗೊತ್ತಿಲ್ಲ. ಅದನ್ನು ಯೋಚಿಸಿರಲಿಲ್ಲ.

ಕೊಪ್ಪದ ತೋಟಗಾರ

ಒಂದು ಮಾತನ್ನು ನೇರವಾಗಿ ಹೇಳುತ್ತೇನೆ, ಯಾರೂ ಬೇಸರಿಸಬಾರದು. ಆ ಮನೆಗೆ ತುಂಡು ತೋಟವಾದರೂ ಇದ್ದರೆ ಈ ಕ್ಷಣದಲ್ಲಿ ಅವರಿಗೆ ಕೌದಿಗಿಂತ ಮರ ಹತ್ತುವವರು ಬೇಕು. ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ದ್ರಾವಣ ಹೊಡೆದು, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಹೊಡೆಯದಿದ್ದರೆ ಕೊಳೆರೋಗ ಬಂದು ಗೊನೆಯೆಲ್ಲ ಉದುರಿ ನೆಲಕ್ಕೆ ಬೀಳುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹಣ ದೊಡ್ಡದಲ್ಲ, ಹತ್ತುವ ಜನ ಸಿಗುವುದಿಲ್ಲ. ಮರದಿಂದ ಬಿದ್ದು ಸತ್ತ ಮನುಷ್ಯನ ತೋಟಕ್ಕೆ ಹತ್ತಲು ಆಳುಗಳು ಇನ್ನೂ ಹೆದರುತ್ತಾರೆ. ನನ್ನ ಅಣ್ಣ ತೀರಿಕೊಂಡ ವರ್ಷ ನಮಗೆ ಸಾಂತ್ವನ ಹೇಳಲು ನೂರು ಜನ ಬಂದರು, ಎರಡನೆಯ ಔಷಧಿಗೆ ಒಬ್ಬರೂ ಬರಲಿಲ್ಲ. ಆ ಸಲ ಅರ್ಧ ಫಸಲು ಕಳೆದುಕೊಂಡೆವು. ಏಳು ಜನ ಕೂತು ಎರಡು ತಿಂಗಳು ಹೊಲಿಯುವ ಶ್ರಮವನ್ನು ಆ ಕಡೆಗೆ ತಿರುಗಿಸಿ.

ಸೊರಬದ ಟೈಲರ್

ಹೊಲಿಯುವ ಹೆಂಗಸರನ್ನು ಅಡಿಕೆ ಮರ ಹತ್ತಿಸುವುದಕ್ಕೆ ಆಗುವುದಿಲ್ಲವಲ್ಲ. ಯಾರ ಕೈಗೆ ಯಾವ ಕೆಲಸ ಬರುತ್ತದೆಯೋ ಅವರು ಅದನ್ನು ಮಾಡಬೇಕು.

ಕೊಪ್ಪದ ತೋಟಗಾರ

ಹೆಂಗಸರು ಹತ್ತಲಿ ಎಂದು ನಾನು ಬರೆಯಲಿಲ್ಲ. ಆ ಏಳು ಮನೆಗಳಲ್ಲಿ ಗಂಡಸರಿಲ್ಲವೇ? ಕೌದಿಯ ಜೊತೆಗೆ ಒಂದು ದಿನದ ಆಳನ್ನೂ ಕಳಿಸಲಿ ಎನ್ನುವುದು ನನ್ನ ಮಾತು.

ತೀರ್ಥಹಳ್ಳಿ ಜಗಲಿ

ನೀವು ಹೇಳಿದ್ದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ಅವರಿಗೆ ಮುಕ್ಕಾಲು ಎಕರೆ ತೋಟವಿದೆ. ಇಂದು ರಾತ್ರಿಯೇ ಮನೆಯಲ್ಲಿ ಮಾತನಾಡುತ್ತೇನೆ.

ಭದ್ರಾವತಿಯಿಂದ

ನಾನು ಕೌದಿ ಪಡೆದುಕೊಂಡವಳು, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಹನ್ನೊಂದು ವರ್ಷಗಳ ಹಿಂದೆ ನನ್ನ ಗಂಡ ತೀರಿಕೊಂಡಾಗ ನನಗೆ ಮೂವತ್ತೆಂಟು ವರ್ಷ. ಮೊದಲ ತಿಂಗಳಿನಲ್ಲಿಯೇ ಸಂಬಂಧಿಕರೊಬ್ಬರು ಹೊಲಿಸಿ ತಂದ ಕೌದಿ ಪೂರ್ತಿ ಬಿಳಿ ಮತ್ತು ಬೂದು ಬಣ್ಣದ್ದಾಗಿತ್ತು. ಕೆಂಪು, ಹಸಿರು, ಅರಿಶಿನದ ತುಂಡುಗಳನ್ನು ಆರಿಸಿ ಆರಿಸಿ ತೆಗೆದಿದ್ದೇವೆ ಎಂದು ಅವರು ಕಾಳಜಿಯಿಂದಲೇ ಹೇಳಿದರು. ನಾನು ಅದನ್ನು ಒಂದು ದಿನವೂ ಹೊದೆಯಲಿಲ್ಲ. ಹೊದಿಕೆಯೊಳಗೂ ನನ್ನನ್ನು ವಿಧವೆಯಾಗಿಸಿದ್ದಾರೆ ಎಂದೇ ನನಗೆ ಅನ್ನಿಸಿತ್ತು. ಒಂದು ವರ್ಷದ ಮೇಲೆ ನನ್ನ ಅಕ್ಕ ತನ್ನ ಹಸಿರು ಸೀರೆಯನ್ನೂ ನಮ್ಮ ಅಮ್ಮನ ಕೆಂಪು ಕುಪ್ಪಸದ ಚೂರುಗಳನ್ನೂ ಸೇರಿಸಿ ಇನ್ನೊಂದು ಹೊಲಿದು ತಂದಳು. ಅದು ಈಗಲೂ ನನ್ನ ಹಾಸಿಗೆಯ ಮೇಲಿದೆ, ಮೂರು ಕಡೆ ತೇಪೆ ಬಿದ್ದಿದೆ. ಬಣ್ಣ ಯಾರಿಂದಲೂ ಕಿತ್ತುಕೊಳ್ಳುವಂಥದ್ದಲ್ಲ, ದಯವಿಟ್ಟು ಆ ತಾಯಿಯ ಕೌದಿಯಿಂದ ಕೆಂಪನ್ನು ತೆಗೆಯಬೇಡಿ.

ಅಳತೆಯ ಬಗ್ಗೆಯೂ ಒಂದು ಮಾತಿದೆ. ಒಬ್ಬರಿಗೆ ಆಗುವಷ್ಟೇ ಅಗಲದ ಹೊದಿಕೆಯನ್ನು ಕೊಟ್ಟರೆ ನೀನು ಇನ್ನು ಒಬ್ಬಳೇ ಎಂದು ಬಟ್ಟೆಯಲ್ಲಿ ಬರೆದುಕೊಟ್ಟಂತಾಗುತ್ತದೆ. ತಾಯಿ ಮಗಳು ಇಬ್ಬರೂ ಒಟ್ಟಿಗೆ ಹೊದ್ದು ಮಲಗುವಷ್ಟು ಅಗಲವಾಗಿ ಹೊಲಿಯಿರಿ. ಆ ಹುಡುಗಿ ಇನ್ನು ಕೆಲವು ತಿಂಗಳು ತಾಯಿಯ ಪಕ್ಕದಲ್ಲಿಯೇ ಮಲಗುತ್ತಾಳೆ, ನನ್ನ ಮಗಳು ಹಾಗೆಯೇ ಮಾಡಿದಳು.

ಹೊಸನಗರದವಳು

ನಿಮ್ಮ ಮಾತನ್ನು ಎರಡು ಸಲ ಓದಿದೆ. ನಮ್ಮ ಮನೆಯಲ್ಲಿಯೂ ಹೀಗೆ ಬಣ್ಣ ತೆಗೆದ ಕೌದಿಯೊಂದನ್ನು ಒಬ್ಬರಿಗೆ ಕೊಟ್ಟದ್ದುಂಟು. ಅದು ತಪ್ಪೆಂದು ಈ ಹೊತ್ತಿನವರೆಗೂ ನನಗೆ ತಿಳಿದಿರಲಿಲ್ಲ.

ಸೊರಬದ ಟೈಲರ್

ನನ್ನ ತವರು ಯಲ್ಲಾಪುರದ ಕಡೆ. ಅಲ್ಲಿ ಸಿದ್ದಿ ಸಮುದಾಯದ ಹೆಂಗಸರು ಕೌದಿ ಹೊಲಿಯುವುದನ್ನು ನೋಡುತ್ತಲೇ ಬೆಳೆದೆ. ಅವರು ಮೂಲೆಯಿಂದ ಆರಂಭಿಸಿ ಅಂಚಿನುದ್ದಕ್ಕೂ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ಬಟ್ಟೆಯನ್ನು ಹೂವೆಂದು ಕೂರಿಸುತ್ತಾರೆ, ಅದಿಲ್ಲದಿದ್ದರೆ ಕೌದಿ ಬತ್ತಲೆ ಎನ್ನುತ್ತಾರೆ. ದುಃಖದ ಮನೆಗೆ ಕೊಡುವ ಕೌದಿಯಾದರೂ ಆ ಹೂವನ್ನು ಬಿಡಬಾರದು ಎನ್ನುವುದು ನನ್ನ ಅಭಿಪ್ರಾಯ.

ಈಗ ಬಟ್ಟೆಯ ವಿಷಯ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಗಿಂತ ಉತ್ತಮವಾದದ್ದು ಹೊಸ ಬಟ್ಟೆಯಲ್ಲಿ ಸಿಗುವುದಿಲ್ಲ. ಹೊಸದು ಬೇಕೇ ಬೇಕೆಂದರೆ ಹೆಗ್ಗೋಡಿನ ಬಳಿಯ ಚರಕ ಎಂಬ ಹೆಂಗಸರ ಸಹಕಾರ ಸಂಘದವರು ನೇಯುವ ಬಗೆಯ, ಅಡಿಕೆ ಬೇಯಿಸಿದ ಚೊಗರಿನ ಬಣ್ಣದ ಕೈಮಗ್ಗದ ಬಟ್ಟೆಯನ್ನು ತಂದು, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಂಡು ಮೇಲುಹೊದಿಕೆಗೆ ಹಾಕಿ. ನೈಲಾನ್, ಪಾಲಿಯೆಸ್ಟರ್ ಸೀರೆಗಳನ್ನು ಒಳಪದರಕ್ಕೂ ಸೇರಿಸಬೇಡಿ. ಅವು ಬೆವರು ಹೀರುವುದಿಲ್ಲ, ಹೊಲಿಯುವಾಗ ಜಾರುತ್ತವೆ, ಬಚ್ಚಲ ಒಲೆಯ ಮುಂದೆ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತವೆ. ಒಂದು ಸೀರೆಯನ್ನು ಅಡ್ಡಕ್ಕೆ ಎರಡು ಮಾಡಿ ಅಂಚಿಗೆ ಅಂಚು ಕೂಡಿಸಿದರೆ ಇಬ್ಬರಿಗೆ ಸಾಲುವ ಅಗಲ ಬರುತ್ತದೆ.

ದಪ್ಪನೆಯ ಒಂದು ಕೌದಿಯ ಬದಲು ಮೂರು ಪದರದ ತೆಳುವಾದ ಎರಡನ್ನು ಕೊಡಿ. ಐದಾರು ಪದರದ ಕೌದಿ ನೀರು ಕುಡಿದರೆ ಹಿಂಡಲು ಇಬ್ಬರು ಬೇಕು, ಅಲ್ಲಿ ಹಿಂಡುವುದಕ್ಕೆ ಗಂಡಸಿಲ್ಲ. ನಮ್ಮ ಮಳೆಯಲ್ಲಿ ಅದು ಒಣಗುವುದಕ್ಕೆ ವಾರ ಹಿಡಿದು ಮುಗ್ಗುಲು ವಾಸನೆ ಬರುತ್ತದೆ. ಕೊಡುವ ಮೊದಲು ಒಣಗಿದ ಲಕ್ಕಿ ಸೊಪ್ಪನ್ನು ಮಡಿಕೆಯೊಳಗೆ ಇಡಿ, ಹುಳ ಹತ್ತುವುದಿಲ್ಲ.

ಮಲೆನಾಡಿಗ

ಕೌದಿ ಬಯಲುಸೀಮೆಯದು, ಮಲೆನಾಡಿನ ಹೊದಿಕೆ ಕರಿಕಂಬಳಿ. ಇಲ್ಲದ ಸಂಪ್ರದಾಯವನ್ನು ನಾವು ಏಕೆ ಹುಟ್ಟಿಸಬೇಕು? ಒಂದು ಕಂಬಳಿ ಕೊಂಡು ಕೊಟ್ಟರೆ ಮುಗಿಯಿತು.

ಸಾಗರದ ಓದುಗ

ಕಂಥೆ ಎಂಬ ಮಾತು ಕನ್ನಡದಲ್ಲಿ ಹಳೆಯದು, ಚಿಂದಿಗಳನ್ನು ಕೂಡಿಸಿ ಹೊಲಿದ ಹೊದಿಕೆ ಎಂದೇ ಅದರ ಅರ್ಥ. ಬಂಗಾಳದ ಕಾಂಥಾ ಕೂಡ ಅದೇ ಮಾತು. ಮಳೆಯ ನಾಡಿನವರು ಚಿಂದಿಯನ್ನು ಎಸೆಯುತ್ತಿದ್ದರು ಎಂದು ನೀವು ತಿಳಿದಿದ್ದರೆ ನಮ್ಮ ಅಜ್ಜಿಯ ಅಟ್ಟವನ್ನು ನೋಡಬೇಕಿತ್ತು. ಬಯಲುಸೀಮೆಯಿಂದ ಮದುವೆಯಾಗಿ ಬಂದವರು, ತಾಂಡಾಗಳ ಲಂಬಾಣಿ ಹೆಂಗಸರು, ಎಲ್ಲರ ಕೈಯಿಂದಲೂ ಈ ಹೊಲಿಗೆ ಇಲ್ಲಿಗೆ ಬಂದಿದೆ.

ಭದ್ರಾವತಿಯಿಂದ

ಕೊಂಡು ತಂದ ಕಂಬಳಿ ಮೈ ಬೆಚ್ಚಗಿಡುತ್ತದೆ, ಅದನ್ನು ಕೀಳಾಗಿ ಹೇಳುವುದಿಲ್ಲ. ಆದರೆ ನಿದ್ದೆ ಬಾರದ ರಾತ್ರಿಗಳಲ್ಲಿ ನಾನು ಕತ್ತಲೆಯಲ್ಲಿ ಬೆರಳಿನಿಂದ ಅಕ್ಕನ ಹೊಲಿಗೆಯ ಸಾಲುಗಳನ್ನು ಸವರುತ್ತ ಎಣಿಸುತ್ತಿದ್ದೆ. ಅಂಗಡಿಯ ಕಂಬಳಿಯಲ್ಲಿ ಎಣಿಸುವುದಕ್ಕೆ ಏನಿರುತ್ತದೆ?

ಶಿವಮೊಗ್ಗ ಉಪನ್ಯಾಸಕ

ತೀರಿಕೊಂಡವರ ಬಟ್ಟೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿದೆ, ಅಲ್ಲಿಯ ಕಪ್ಪು ಜನಾಂಗದ ಹೆಂಗಸರ ಕೌದಿಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ. ಆ ಊರಿನ ಮಿಸೌರಿ ಪೆಟ್‌ವೇ ಎಂಬಾಕೆ ಗಂಡ ತೀರಿಕೊಂಡ ಮೇಲೆ 1942ರಲ್ಲಿ ಆತನ ಹೊಲದ ಕೆಲಸದ ಬಟ್ಟೆಗಳನ್ನೇ ಹರಿದು ಒಂದು ಕೌದಿ ಹೊಲಿದಳು. ಆತನನ್ನು ನೆನೆಯುವುದಕ್ಕೂ ಅದರಡಿ ಮಲಗುವುದಕ್ಕೂ ಅದು ಬೇಕೆಂದು ತಾಯಿ ಹೇಳಿದ್ದನ್ನು ಮಗಳು ಮುಂದೆ ನೆನಪಿಸಿಕೊಂಡಿದ್ದಾಳೆ. ಮಾಸಿದ ಮೊಣಕಾಲು, ಜೇಬಿದ್ದ ಜಾಗದ ಗಾಢ ಬಣ್ಣ ಎಲ್ಲವೂ ಅದರಲ್ಲಿ ಹಾಗೆಯೇ ಉಳಿದಿವೆ. ಆದ್ದರಿಂದ ಅಂಗಿಗಳನ್ನು ಸೇರಿಸುವ ಯೋಚನೆ ನನಗೆ ಬಹಳ ಸರಿಯೆನ್ನಿಸುತ್ತದೆ.

ಶೃಂಗೇರಿ ಕಡೆಯವನು

ಆಕೆ ತನ್ನ ಗಂಡನ ಬಟ್ಟೆಯನ್ನು ತಾನೇ ಹರಿದಳು. ಬೇರೆಯವರು ಹರಿದರೆ ಏನಾಗುತ್ತದೆ ಎಂದು ನಾನು ಹೇಳುತ್ತೇನೆ. ನಮ್ಮ ಅಪ್ಪ ತೀರಿಕೊಂಡ ಮೂರನೆಯ ವಾರದಲ್ಲಿ ನನ್ನ ಸೋದರತ್ತೆ ಅವರ ಅಂಗಿಗಳನ್ನೆಲ್ಲ ಒಗೆದು, ಕತ್ತರಿಸಿ, ಕೌದಿಗೆ ಸೇರಿಸಿದರು. ಪ್ರೀತಿಯಿಂದಲೇ ಮಾಡಿದರು. ಬಾಗಿಲ ಹಿಂದಿನ ಗೂಟದಲ್ಲಿ ತೂಗುತ್ತಿದ್ದ ಒಂದು ಅಂಗಿಯಲ್ಲಿ ಅಪ್ಪನ ಎಲೆಯಡಿಕೆಯ, ಬೀಡಿಯ ವಾಸನೆ ಇನ್ನೂ ಇತ್ತು. ನಾನು ಆಗಾಗ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದುದು ಯಾರಿಗೂ ಗೊತ್ತಿರಲಿಲ್ಲ. ಆ ಅಂಗಿಯೂ ಸೋಪಿನ ನೀರಿಗೆ ಹೋಯಿತು. ಕೌದಿ ಚೆನ್ನಾಗಿದೆ, ಆದರೆ ಅದರಲ್ಲಿ ಅಪ್ಪನಿಲ್ಲ. ಹೆಂಡತಿಯನ್ನೂ ಮಗಳನ್ನೂ ಬೇರೆ ಬೇರೆಯಾಗಿ ಕೇಳದೆ ಒಂದು ಗುಂಡಿಯನ್ನೂ ಮುಟ್ಟಬೇಡಿ.

ಶಿವಮೊಗ್ಗ ಉಪನ್ಯಾಸಕ

ನೀವು ಹೇಳಿದ್ದು ನ್ಯಾಯ, ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಇನ್ನೊಂದು ವಿಷಯವನ್ನು ಕೇಳಿಕೊಳ್ಳುತ್ತೇನೆ, ಕೊಡುವಾಗ ಫೋಟೋ ತೆಗೆಯಬೇಡಿ. 1987ರಲ್ಲಿ ವಾಷಿಂಗ್ಟನ್ನಿನ ಬಯಲಿನಲ್ಲಿ ಏಡ್ಸ್‌ನಿಂದ ತೀರಿಕೊಂಡವರ ಹೆಸರಿನ 1,920 ತುಂಡುಗಳ ಕೌದಿಯನ್ನು ಹಾಸಿದರು. ಒಂದೊಂದು ತುಂಡೂ ಮೂರು ಅಡಿಗೆ ಆರು ಅಡಿ, ಹೆಚ್ಚುಕಡಿಮೆ ಒಂದು ಗೋರಿಯ ಅಳತೆ. ಜಗತ್ತು ಮುಖ ತಿರುಗಿಸಿಕೊಂಡಿದ್ದ ಸಾವುಗಳವು, ಜಗತ್ತು ನೋಡಲೇಬೇಕೆಂದು ಹಾಸಿದರು. ನಿಮ್ಮ ಕೌದಿ ಒಂದು ಮನೆಯ ಒಳಕೋಣೆಗೆ ಹೋಗುವಂಥದ್ದು. ವಾಟ್ಸಾಪಿನಲ್ಲಿ ಅದರ ಚಿತ್ರ ಓಡಾಡಿದರೆ ಆ ತಾಯಿ ಊರಿನ ಮುಂದೆ ಕೈಯೊಡ್ಡಿದಂತಾಗುತ್ತದೆ.

ಶರಾವತಿ ಕಣಿವೆ

ನಮ್ಮದು ಸಾಗರ ತಾಲ್ಲೂಕಿನ ಅರಳಗೋಡು ಭಾಗ. 2018ರ ಕೊನೆಯಿಂದ 2019ರವರೆಗೆ ಮಂಗನ ಕಾಯಿಲೆ ನಮ್ಮ ಕಡೆ ಮನೆಗಳನ್ನು ಹೊಕ್ಕಾಗ ಜನ ಸಾವಿನ ಮನೆಗೆ ಬರಲೇ ಹೆದರಿದರು. ಸೊರಬದ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆಯನ್ನು ಗುರುತಿಸಿದ್ದು 1957ರಲ್ಲಿ, ಅದು ಉಣುಗಿನ ಕಡಿತದಿಂದ ಬರುತ್ತದೆಯೇ ಹೊರತು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂದು ಗೊತ್ತಿದ್ದೂ ಹೆದರಿದರು. ನಮ್ಮ ನೆಂಟರ ಮನೆಯೊಂದರಲ್ಲಿ ಭಯಕ್ಕೆ ಹಾಸಿಗೆ ಹೊದಿಕೆಗಳನ್ನೆಲ್ಲ ಸುಟ್ಟರು. ಚಳಿಗಾಲ ಬೇರೆ. ಆಗ ಒಬ್ಬ ಹೆಂಗಸು ತನ್ನ ಮನೆಯ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ನಡೆದು ಬಂದು, ಅದನ್ನು ಹಾಸಿ, ಅದರ ಮೇಲೆ ತಾನೂ ಕುಳಿತು, ಸಂಜೆಯವರೆಗೆ ಏನೂ ಮಾತನಾಡದೆ ಇದ್ದು ಹೋದಳಂತೆ. ಆ ಮನೆಯವರು ಇಂದಿಗೂ ಹೇಳುವುದು ಕೌದಿಯ ಮಾತನ್ನಲ್ಲ, ಅವಳು ಕುಳಿತದ್ದನ್ನು.

ಮಲೆನಾಡಿಗ

ಇದನ್ನು ಓದಿದ ಮೇಲೆ ನಾನು ಕಂಬಳಿಯ ವಾದವನ್ನು ಬಿಡುತ್ತೇನೆ. ಆದರೆ ಕರಿಕಂಬಳಿಯ ಒಂದು ತುಂಡನ್ನಾದರೂ ನಡುವಿನಲ್ಲಿ ಸೇರಿಸಿ.

ಸೊರಬದ ಟೈಲರ್

ಬೇಡ. ಉಣ್ಣೆಯನ್ನೂ ಹತ್ತಿಯನ್ನೂ ಒಟ್ಟಿಗೆ ಒಗೆದರೆ ಉಣ್ಣೆ ಮುದುಡಿ ನಡುವೆ ಗಂಟಾಗುತ್ತದೆ.

ತೀರ್ಥಹಳ್ಳಿ ಜಗಲಿ

ಎಲ್ಲರಿಗೂ ಕೃತಜ್ಞತೆಗಳು. ಈಗ ನಿರ್ಧರಿಸಿರುವುದು ಇಷ್ಟು. ಹಳೆಯ ಹತ್ತಿ ಸೀರೆಗಳ, ಮೂರು ಪದರದ, ಅಗಲವಾದ ಎರಡು ಕೌದಿಗಳು. ಕೆಂಪೂ ಹಸಿರೂ ಇರುತ್ತವೆ, ಮೂಲೆಯ ಹೂವೂ ಇರುತ್ತದೆ. ಅಂಗಿಗಳನ್ನು ನಾವು ಕೇಳುವುದಿಲ್ಲ, ಅವರಾಗಿ ಕೊಟ್ಟರೆ ಮಾತ್ರ. ಎರಡನೆಯ ಮಾಸಿಕ ಕಳೆದ ಮೇಲೆ ಕೊಡುತ್ತೇವೆ. ಎರಡನೆಯ ಔಷಧಿಗೆ ನಮ್ಮ ಮನೆಗಳಿಂದ ನಾಲ್ವರು ಹೋಗಲು ಒಪ್ಪಿದ್ದಾರೆ.

ಜೊತೆಗೆ ಒಂದು ಚೀಟಿ ಬರೆದಿಡಬೇಕೇ?

ಭದ್ರಾವತಿಯಿಂದ

ಬೇಡ. ಬರೆಯಲೇಬೇಕೆಂದರೆ ಹೊಲಿದ ಏಳು ಮಂದಿಯ ಹೆಸರುಗಳನ್ನಷ್ಟೇ ಬರೆಯಿರಿ. ಧೈರ್ಯ ತಂದುಕೊಳ್ಳಿ, ದೇವರ ಇಚ್ಛೆ, ಮಗಳಿಗಾಗಿ ಗಟ್ಟಿಯಾಗಿರಿ ಎಂಬ ಮಾತುಗಳನ್ನು ಅವರು ಈಗಾಗಲೇ ಸಾಕಷ್ಟು ಕೇಳಿರುತ್ತಾರೆ.

ಹೊಸನಗರದವಳು

ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಎನ್ನಬಾರದೆಂದು ನಮ್ಮಲ್ಲಿ ಹೇಳುತ್ತಾರೆ. ಎರಡು ತಿಂಗಳ ಮೇಲೆ ಹೋಗುತ್ತೀರಲ್ಲ, ಆಗ ಬರುತ್ತೇವೆ ಎಂದು ಧಾರಾಳವಾಗಿ ಹೇಳಿ ಬನ್ನಿ.

ತೀರ್ಥಹಳ್ಳಿ ಜಗಲಿ

ತಡವಾಗಿ ಬರೆಯುತ್ತಿದ್ದೇನೆ. ಪುಷ್ಯ ಮಳೆಯ ಬಿಡುವಿನಲ್ಲಿ ಎರಡನೆಯ ಔಷಧಿ ಮುಗಿಯಿತು. ಎರಡನೆಯ ಮಾಸಿಕ ಕಳೆದ ಮೇಲೆ, ನಿನ್ನೆ, ಮೂವರೇ ಹೋದೆವು, ಏಳೂ ಜನ ಹೋದರೆ ಮೆರವಣಿಗೆಯಂತಾಗುತ್ತದೆ ಎಂದು ನಮಗೇ ಅನ್ನಿಸಿತು. ಆ ತಾಯಿ ಒಂದು ಕೌದಿಯನ್ನು ಮಗಳ ಕೈಗೆ ಕೊಟ್ಟು, ಇನ್ನೊಂದನ್ನು ಮಡಿಲಿನ ಮೇಲೆ ಬಿಡಿಸಿಕೊಂಡು ಬಹಳ ಹೊತ್ತು ನೋಡಿದರು. ಅಳಲಿಲ್ಲ. ಅಂಚಿನ ಹತ್ತಿರ ಎರಡು ಸಾಲು ಸಡಿಲವಾಗಿದೆ, ಒಗೆದರೆ ಬಿಚ್ಚಿಕೊಳ್ಳುತ್ತದೆ ಎಂದು ಹೇಳಿ ಒಳಗಿನಿಂದ ಸೂಜಿ ತಂದರು. ಅವರಿಗೆ ಹೊಲಿಗೆ ಬರುತ್ತದೆಂಬುದು ಇಷ್ಟು ವರ್ಷ ಒಂದೇ ಊರಿನಲ್ಲಿದ್ದ ನಮಗೆ ಗೊತ್ತಿರಲಿಲ್ಲ. ಆ ಎರಡು ಸಾಲುಗಳನ್ನು ಬಿಚ್ಚಿ, ನಮ್ಮದಕ್ಕಿಂತ ಒತ್ತಾಗಿ ತಾವೇ ಮತ್ತೆ ಹಾಕಲು ಕುಳಿತರು. ನಾವು ಕತ್ತಲಾಗುವವರೆಗೆ ಅಲ್ಲಿಯೇ ಇದ್ದೆವು. ಕೊನೆಯ ಗೇಣಿನಷ್ಟಕ್ಕೆ ಕೆಂಪು ದಾರ ಸಾಲದೆ ಬಂತು, ನಾಳೆ ಮಧ್ಯಾಹ್ನ ತೆಗೆದುಕೊಂಡು ಹೋಗಬೇಕು.